ಟ್ಯಾಂಕಿನ ಎರಡನೇ ತೂತು

ಮಸೂದನ ಗಾಡಿ ಮಿರ್ದಿಫ್‌ನ ಮನೆಯಿಂದ ಹೊರಟರೆ ಸುಮಾರು ನಲವತ್ತು ನಿಮಿಷ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಎರಡು ಸಲ ಜಗ್ಗುತ್ತಿತ್ತು, ಒಮ್ಮೆ ಕೆಮ್ಮುತ್ತಿತ್ತು, ರಸ್ತೆಯ ಅಂಚಿಗೆ ಸರಿಸುವಷ್ಟರಲ್ಲಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಹಾಗೇ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು.

ಅದು ಎಪ್ಪತ್ತನೇ ಇಸವಿಯ ಅಮೆರಿಕದ ಕಾರು. ಎರಡೇ ಬಾಗಿಲು, ಉದ್ದನೆಯ ಬಾನೆಟ್, ಎಂಟು ಸಿಲಿಂಡರಿನ ಎಂಜಿನ್, ಕಡು ಹಸಿರು ಬಣ್ಣ. ನೈಫ್ ಪೇಟೆಯಲ್ಲಿ ಮಸೂದ ಇಪ್ಪತ್ತೆರಡು ವರ್ಷಗಳಿಂದ ಕೆಲಸಕ್ಕಿದ್ದ ಅತ್ತರಿನ ಅಂಗಡಿಯ ಮುದಿ ಯಜಮಾನ, ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿದ ದಿನ ಇದರ ಕೀಲಿಕೈಯನ್ನು ಮಸೂದನ ಅಂಗೈಯಲ್ಲಿಟ್ಟು, "ಇದನ್ನು ಸಹಿಸಿಕೊಳ್ಳುವ ತಾಳ್ಮೆ ನಿನಗೊಬ್ಬನಿಗೇ ಇರುವುದು" ಎಂದಿದ್ದ. ಗಾಡಿಗೆ ಎಸಿ ಇರಲಿಲ್ಲ. ಬೇಸಿಗೆಯಿಡೀ ಅದು ಕಟ್ಟಡದ ಹಿಂದೆ ಬಟ್ಟೆ ಹೊದ್ದು ಮಲಗಿರುತ್ತಿತ್ತು. ಚಳಿ ಶುರುವಾದರೆ ಭಾನುವಾರ ಮಾತ್ರ, ಬೆಳಗಿನ ಜಾವದ ಸುಬಹಿ ನಮಾಜು ಮುಗಿಸಿ, ಮಸೂದ ಮತ್ತು ಅವನ ಹೆಂಡತಿ ರುಖಿಯಾ ಅದರಲ್ಲಿ ಅಲ್ ಐನ್ ರಸ್ತೆ ಹಿಡಿಯುತ್ತಿದ್ದರು. ಜಬಲ್ ಹಫೀತ್ ಬೆಟ್ಟದ ತುದಿಯವರೆಗೆ ಹೋಗಬೇಕೆಂಬುದು ಮಸೂದನ ಆಸೆ. ನಾಲ್ಕು ಚಳಿಗಾಲ ಕಳೆದರೂ ಬೆಟ್ಟ ಕಣ್ಣಿಗೂ ಬಿದ್ದಿರಲಿಲ್ಲ. ನಿಂತು ನಿಂತು ಹೋಗುವ ಗಾಡಿಯನ್ನು ಬೆಟ್ಟ ಹತ್ತಿಸುವ ಧೈರ್ಯ ಅವನಿಗಿರಲಿಲ್ಲ. ನಿಂತಲ್ಲಿಂದಲೇ ಹಿಂದೆ ತಿರುಗಿಸುತ್ತಿದ್ದ.

ಮೂರು ಗ್ಯಾರೇಜಿಗೆ ತೋರಿಸಿದ್ದಾಯಿತು. ಒಬ್ಬರು ಪೆಟ್ರೋಲ್ ಪಂಪ್ ಬದಲಿಸಿದರು. ಇನ್ನೊಬ್ಬರು ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಮೂರನೆಯವರು, ಬಿಸಿಗೆ ಪೈಪಿನೊಳಗೆ ಪೆಟ್ರೋಲ್ ಆವಿಯಾಗುತ್ತಿದೆ ಎಂದು ಪೈಪಿಗೆ ಬಟ್ಟೆ ಸುತ್ತಿ ಕೊಟ್ಟರು. ಜನವರಿಯ ಮಂಜಿನಲ್ಲಿ ಎಂಥ ಬಿಸಿ ಎಂದು ಕೇಳಲು ಮಸೂದನಿಗೆ ಸಂಕೋಚ.

ಹೀಗೆ ಗಾಡಿ ನಿಲ್ಲುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಬೇಲಿಯಾಚೆ ಗಾಫ್ ಮರಗಳು, ಅವುಗಳ ಹಿಂದೆ ಕೆಂಪು ಮರಳಿನ ದಿಬ್ಬ. ಮಂಜು ಬಿದ್ದ ದಿನ ಮರದ ಬುಡ ಕಾಣುತ್ತಿರಲಿಲ್ಲ, ನೆತ್ತಿಯಷ್ಟೇ ಬಿಳುಪಿನಲ್ಲಿ ತೇಲುತ್ತಿತ್ತು. ಒಮ್ಮೆ ಎರಡು ಒಂಟೆಗಳ ಕತ್ತು ಮಾತ್ರ ಬೇಲಿಯುದ್ದಕ್ಕೂ ನಡೆದುಹೋದವು, ಕಾಲಿಲ್ಲ, ಮೈಯಿಲ್ಲ, ಸದ್ದಿಲ್ಲ. ಆ ಅರ್ಧ ಗಂಟೆ ಗಂಡಹೆಂಡತಿ ಫ್ಲಾಸ್ಕಿನ ಸುಲೈಮಾನಿ ಚಹಾ ಕುಡಿಯುತ್ತ ಕೂರುತ್ತಿದ್ದರು. ರುಖಿಯಾ ಆ ವಾರ ಬಿದ್ದ ಕನಸುಗಳನ್ನು ಹೇಳುತ್ತಿದ್ದಳು. ಉಪ್ಪಳದ ತವರುಮನೆಯ ಅಡುಗೆಕೋಣೆಗೆ ಸಮುದ್ರ ಬಂದದ್ದು, ನೀರಲ್ಲಿ ಪಾತ್ರೆಗಳು ತೇಲುತ್ತಿದ್ದರೂ ಒಲೆಯ ಬೆಂಕಿ ಆರದೇ ಇದ್ದದ್ದು, ಅವಳ ಅಜ್ಜಿ ಸೊಂಟದವರೆಗಿನ ನೀರಲ್ಲಿ ನಿಂತು ಅಕ್ಕಿಹಿಟ್ಟಿನ ಪತ್ತಿರಿ ಲಟ್ಟಿಸುತ್ತಿದ್ದದ್ದು. ಮನೆಯಲ್ಲಿ "ಊಟ ಆಯ್ತಾ" ಎನ್ನುವುದಕ್ಕಿಂತ ಹೆಚ್ಚು ಮಾತಾಡದ ಮಸೂದ ಇಲ್ಲಿ ಪ್ರಶ್ನೆ ಕೇಳುತ್ತಿದ್ದ. ಅಜ್ಜಿ ಎಂತ ಹೇಳಿದ್ರು? ನೀರು ತಣ್ಣಗೆ ಇತ್ತಾ? ಒಂದು ದಿನ ಅವನೇ, ತನಗೆ ತೀರಿಹೋದ ಬಾಪನ ಮುಖ ನೆನಪಿದೆ, ದನಿ ಮಾತ್ರ ಮರೆತುಹೋಗಿದೆ ಎಂದು ಹೇಳಿ, ಗಾಜಿನ ಮೇಲಿನ ಹನಿಗಳನ್ನು ನೋಡುತ್ತ ಕೂತಿದ್ದ. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ರುಖಿಯಾ ಅದನ್ನು ಕೇಳಿದ್ದು ಅದೇ ಮೊದಲು.

ಈ ಜನವರಿಯ ಎರಡನೇ ಭಾನುವಾರ ಮಂಜು ವಿಪರೀತ ದಟ್ಟವಾಗಿತ್ತು. ಗಾಡಿ ಎಂದಿಗಿಂತ ಮೊದಲೇ, ನಡುವಿನ ಲೇನಿನಲ್ಲಿರುವಾಗಲೇ ಜಗ್ಗಿತು. ಮಸೂದ ಸ್ಟಿಯರಿಂಗ್ ತಿರುಗಿಸಿದ. ಉರುಳುತ್ತ ಬಂದ ಗಾಡಿಯ ಒಂದು ಮಗ್ಗುಲು ಅಂಚಿಗೆ ಸೇರಿತು, ಇನ್ನೊಂದು ರಸ್ತೆಯಲ್ಲೇ ಉಳಿಯಿತು. ಹಿಂದಿನಿಂದ ಹಾರ್ನ್ ಕೇಳಿಸಿತು. ಬಿಳುಪನ್ನು ಸೀಳಿಕೊಂಡು ನೀರಿನ ಟ್ಯಾಂಕರೊಂದು ಬಂದು, ಪಕ್ಕದ ಕನ್ನಡಿಯನ್ನು ಕಿತ್ತುಕೊಂಡು, ಮತ್ತೆ ಬಿಳುಪಿನೊಳಗೇ ಹೋಯಿತು. ಇಡೀ ಗಾಡಿ ಅಲುಗಿತು. ಮಸೂದ ಮತ್ತೆ ಮತ್ತೆ ಕೀಲಿ ತಿರುಗಿಸಿದ, ಎಂಜಿನ್ ಹತ್ತಿಕೊಳ್ಳಲಿಲ್ಲ.

ರುಖಿಯಾ ಬಾಗಿಲು ತೆರೆದು ಇಳಿದು ಹಿಂದಕ್ಕೆ ಓಡಿದಳು.

"ಹೋಗ್ಬೇಡ! ಗಾಡಿಗಳು ಬರ್ತವೆ!" ಮಸೂದ ಕಿರುಚಿದ.

ಅವಳು ನಂಬರ್ ಪ್ಲೇಟನ್ನು ಕೆಳಕ್ಕೆ ಮಡಚಿ, ಅದರ ಹಿಂದಿದ್ದ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಒಳಗಿಂದ ದೀರ್ಘವಾಗಿ ಸ್ಸ್ ಎಂದು ಗಾಳಿ ಎಳೆದುಕೊಂಡ ಸದ್ದು. ಟ್ಯಾಂಕಿನ ತಗಡು ಒಳಗಿನಿಂದ ಗುದ್ದಿದ ಹಾಗೆ ದಡ್ ಎಂದಿತು.

"ಈಗ ಸ್ಟಾರ್ಟ್ ಮಾಡಿ!"

ಮೂರನೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ರುಖಿಯಾ ಮುಚ್ಚಳವನ್ನು ಸಡಿಲವಾಗಿ ಕೂರಿಸಿ ಓಡಿ ಬಂದು ಕೂತಳು. ಮಸೂದ ಮುಂದಿನ ಪೆಟ್ರೋಲ್ ಬಂಕಿನವರೆಗೆ ಓಡಿಸಿಕೊಂಡು ಹೋದ. ಅಲ್ಲಿ ಗಾಡಿ ನಿಲ್ಲಿಸಿ, ಅವಳತ್ತ ತಿರುಗದೆ ಕೇಳಿದ.

"ಯಾವಾಗಿಂದ ಗೊತ್ತು ನಿಂಗೆ?"

"ಕಳೆದ ಚಳಿಗಾಲದಿಂದ. ನೀವು ಬೇಲಿಯ ಹತ್ರ ಹೋಗಿದ್ರಿ. ಪೆಟ್ರೋಲ್ ಮುಗಿದಿದ್ಯಾ ನೋಡುವ ಅಂತ ಮುಚ್ಚಳ ತೆಗೆದೆ. ಹೀಗೇ ಉಸಿರೆಳೀತು. ನಮ್ಮ ಮಾಮ ಎಣ್ಣೆ ಡಬ್ಬಕ್ಕೆ ಯಾವಾಗ್ಲೂ ಎರಡು ತೂತು ಹೊಡೀತಿದ್ರು. ಒಂದು ಎಣ್ಣೆಗೆ, ಒಂದು ಗಾಳಿಗೆ. ಗಾಳಿ ಹೋಗದಿದ್ರೆ ಎಣ್ಣೆ ಬರುದಿಲ್ಲ. ಇದಕ್ಕೂ ಎರಡನೇ ತೂತು ಎಲ್ಲಿಯೋ ಮುಚ್ಚಿದೆ ಅಂತ ಅನ್ನಿಸ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

ರುಖಿಯಾ ಶಾಲಿನ ಅಂಚನ್ನು ಬೆರಳಿಗೆ ಸುತ್ತಿದಳು. "ಹೇಳಿದ್ರೆ ನೀವು ರಿಪೇರಿ ಮಾಡಿಸ್ತಿದ್ರಿ. ಗಾಡಿ ನಿಲ್ತಿರ್ಲಿಲ್ಲ."

ಮಸೂದ ಮುಚ್ಚಳ ಸಡಿಲವಾಗಿಟ್ಟೇ ಗಾಡಿಯನ್ನು ಮನೆಗೆ ತಂದ. ಗಾಡಿ ಎಲ್ಲೂ ನಿಲ್ಲಲಿಲ್ಲ. ಮೂರು ದಿನ ಅವನು ಅವಳ ಜೊತೆ ಮಾತಾಡಲಿಲ್ಲ. ಗ್ಯಾರೇಜುಗಳಿಗೆ ಅಲೆದ ಸಿಟ್ಟಿಗಿಂತ ಹೆಚ್ಚಾಗಿ ಆ ಟ್ಯಾಂಕರಿನ ಹಾರ್ನ್ ಅವನ ಕಿವಿಯಲ್ಲಿತ್ತು. ರುಖಿಯಾಳ ಕಿವಿಯಲ್ಲೂ ಅದೇ. ಇಬ್ಬರೂ ಸತ್ತುಹೋಗುತ್ತಿದ್ದೆವು, ಅದೂ ನನ್ನ ಒಂದು ಆಸೆಗೆ ಎಂದು ಅವಳು ಪಾತ್ರೆ ತೊಳೆಯುತ್ತ ಅತ್ತಳು. ನಾಲ್ಕನೇ ದಿನ ಮಸೂದ ಅಂಗಡಿಯಿಂದ ಬೇಗ ಬಂದು ಬಾಗಿಲಲ್ಲೇ ನಿಂತ.

"ಯಲ್ಲಾ, ಹೊರಡು. ನಾನು ಹೇಳಿದ್ರೆ ಫ್ಲಾಯ್ಡ್ ನಂಬುದಿಲ್ಲ. ನೀನೇ ಹೇಳ್ಬೇಕು."

ಫ್ಲಾಯ್ಡ್ ಅವರ ಪರಿಚಯದ ಮಂಗಳೂರಿನವನು. ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು, ಈಚೆಗಷ್ಟೇ ರಾಸ್ ಅಲ್ ಖೋರ್‌ನಲ್ಲಿ ಸಣ್ಣ ಗ್ಯಾರೇಜ್ ಇಟ್ಟಿದ್ದ. ರುಖಿಯಾ ಎಣ್ಣೆ ಡಬ್ಬದ ಕಥೆ ಹೇಳುತ್ತಿದ್ದಂತೆ ಅವನು ಕೈಲಿದ್ದ ಸ್ಪಾನರ್ ಕೆಳಗಿಟ್ಟ.

"ಸರಿಯಾಗಿ ಹೇಳಿದ್ರಿ ರುಖಿಯಕ್ಕ. ಎಂಜಿನ್ ಪೆಟ್ರೋಲ್ ಕುಡಿದ ಹಾಗೆ ಟ್ಯಾಂಕಿಗೆ ಗಾಳಿ ಬರ್ಬೇಕು. ಬರದಿದ್ರೆ ಟ್ಯಾಂಕೇ ವಾಪಸ್ ಎಳೀತದೆ, ಪಂಪಿಗೆ ಎಂತದೂ ಸಿಗುದಿಲ್ಲ. ಅರ್ಧ ಗಂಟೆ ನಿಂತ್ರೆ ಮುಚ್ಚಳದ ರಬ್ಬರಿನ ಸಂದಿಯಿಂದ ಸ್ವಲ್ಪ ಸ್ವಲ್ಪ ಗಾಳಿ ನುಗ್ತದೆ, ಗಾಡಿ ಹೊರಡ್ತದೆ."

"ಮತ್ತೆ ಆ ಪಂಪ್ ಬದಲಿಸಿದ್ದು?" ಮಸೂದ ಕೇಳಿದ.

"ಅದು ಪಾಪ, ಒಳ್ಳೇ ಪಂಪೇ ಇದ್ದಿರ್ಬೇಕು ಮಾರಾಯ್ರೆ."

ಗಾಡಿಯನ್ನು ಮೇಲೆತ್ತಿ ನೋಡಿದಾಗ ಟ್ಯಾಂಕಿನ ತಳ ಒಳಕ್ಕೆ ಸ್ವಲ್ಪ ಬಾಗಿತ್ತು. ಈ ಗಾಡಿಯ ಮುಚ್ಚಳದಲ್ಲಿ ತೂತಿರಲಿಲ್ಲ. ಟ್ಯಾಂಕಿನ ನೆತ್ತಿಯಿಂದ ಹೊರಟ ತೆಳು ಪೈಪೊಂದು ಬಳಸಿಕೊಂಡು ಬಂದು ಹಿಂದಿನ ಬಂಪರಿನ ಒಳಮಗ್ಗುಲಲ್ಲಿ ಬಾಯಿ ತೆರೆಯುತ್ತಿತ್ತು. ಫ್ಲಾಯ್ಡ್ ಕಸ ಟ್ಯಾಂಕಿಗೆ ಬೀಳದಂತೆ ಪೈಪನ್ನು ಮೇಲಿನಿಂದ ಬಿಡಿಸಿ, ಊದಿ ನೋಡಿದ. ಗಾಳಿ ದಾಟಲಿಲ್ಲ. ಕೆಳಗಿನ ಬಾಯಿಗೆ ತಂತಿ ತೂರಿಸಿ ಮೆಲ್ಲನೆ ತಿರುವಿದ. ಒಣಮಣ್ಣಿನ ಒಂದು ಬಿರಡೆ ಅವನ ಅಂಗೈಗೆ ಬಿತ್ತು. ಅದರ ಹಿಂದೆ ಇನ್ನೊಂದು. ಎರಡನೆಯದರೊಳಗೆ ಹುರುಳಿಕಾಳಿನಷ್ಟು ನುಣುಪಾದ ಕೋಣೆ, ಖಾಲಿ.

"ಕುಂಬಾರ ಹುಳ!" ಎಂದಳು ರುಖಿಯಾ. "ನಮ್ಮ ಕಿಟಕಿಯ ಸಂದಿಯಲ್ಲೂ ಕಟ್ತದೆ."

"ಯಾವುದೋ ಬೇಸಿಗೆಯಲ್ಲಿ ಕಟ್ಟಿದ್ದು. ಮರಿ ದೊಡ್ಡದಾಗಿ ಹಾರಿ ಹೋಗಿದೆ, ಅದು ಕೊರೆದ ತೂತು ಧೂಳಿಗೆ ಮುಚ್ಚಿದೆ. ಮನೆ ಮಾತ್ರ ಉಳ್ದಿದೆ." ಫ್ಲಾಯ್ಡ್ ಪೈಪನ್ನು ಗಾಳಿ ಹೊಡೆದು ಶುಚಿಮಾಡಿ, ಬಿರುಕು ಬಿಟ್ಟಿದ್ದ ರಬ್ಬರ್ ಕೊಳವೆ ಬದಲಿಸಿ, ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿದ. "ಖಲಾಸ್. ಇನ್ನು ಎಲ್ಲಿಗೆ ಬೇಕಾದ್ರೂ ಹೋಗಿ."

ಮುಂದಿನ ಭಾನುವಾರವೂ ಮಂಜಿತ್ತು, ಆದರೆ ತೆಳು. ನಲವತ್ತು ನಿಮಿಷವಾಯಿತು. ಗಾಫ್ ಮರಗಳು ಬಂದವು, ಹೋದವು. ಎಂಜಿನಿನ ಗುಡುಗಿನಲ್ಲಿ ಮಾತಾಡುವಂತಿರಲಿಲ್ಲ. ರುಖಿಯಾ ಕತ್ತು ತಿರುಗಿಸಿ, ಮರಗಳು ಬಿಳುಪಿನಲ್ಲಿ ಕರಗುವವರೆಗೂ ನೋಡಿದಳು. ಮಸೂದ ರಸ್ತೆಯನ್ನೇ ನೋಡುತ್ತಿದ್ದ.

ಬೆಟ್ಟದ ತಿರುವುಗಳಲ್ಲಿ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ತುದಿ ತಲುಪಿದಾಗ ಮಂಜು ಕೆಳಗಿತ್ತು. ಊರು, ಖರ್ಜೂರದ ತೋಟಗಳು, ಮರುಭೂಮಿ ಎಲ್ಲವೂ ಅದರಡಿಯಲ್ಲಿ. ಮೇಲೆ ಬಿಸಿಲು. ಇಬ್ಬರೂ ಬೆಚ್ಚಗಿನ ಬಾನೆಟ್ಟಿಗೆ ಒರಗಿ ನಿಂತರು.

"ಅಂಗಡಿಯಲ್ಲಿ ದಿನವಿಡೀ ಮಾತಾಡ್ತೇನೆ," ಎಂದ ಮಸೂದ. "ಊದು, ಕಸ್ತೂರಿ, ಗುಲಾಬಿ ಅಂತ. ಮನೆಗೆ ಬರುವಾಗ ಬಾಯಿಯಲ್ಲಿ ಮಾತೇ ಉಳಿದಿರುದಿಲ್ಲ. ಮೊದಮೊದಲು ಗಾಡಿ ನಿಂತಾಗ ಮಾಡ್ಲಿಕ್ಕೆ ಬೇರೆ ಎಂತದೂ ಇಲ್ಲ ಅಂತ ನಿನ್ನ ಮಾತು ಕೇಳ್ತಿದ್ದೆ. ಆಮೇಲೆ ಅದನ್ನು ಕೇಳ್ಲಿಕ್ಕೇ ಗಾಡಿ ತೆಗೀತಿದ್ದೆ. ಬೆಟ್ಟ ಒಂದು ನೆಪ."

"ನೀವೂ ಹೇಳ್ಲಿಲ್ಲ," ಎಂದಳು ರುಖಿಯಾ.

"ಇಲ್ಲ. ನಾನೂ ಹೇಳ್ಲಿಲ್ಲ."

ಅವಳು ನಕ್ಕಳು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಬಹಳ ಹೊತ್ತು ಅಲ್ಲೇ ನಿಂತು ಮಾತಾಡಿದರು. ಯಾರೂ ಗಡಿಯಾರ ನೋಡಲಿಲ್ಲ.

ಹಿಂದಿರುಗುವಾಗ ಬಿಸಿಲು ಮಡಿಲಿಗೆ ಬಿದ್ದು ರುಖಿಯಾ ನಿದ್ದೆ ಹೋದಳು. ಕನಸು ಬಿದ್ದ ಹಾಗೆ ಅವಳ ತುಟಿ ಆಗಾಗ ಅಲುಗುತ್ತಿತ್ತು. ಮಸೂದ ವೇಗ ಇಳಿಸಿದ. ಮಿರ್ದಿಫ್‌ಗೆ ಹೊರಳುವ ದಾರಿ ಬಂತು. ಅವನು ಇಂಡಿಕೇಟರಿಗೆ ಕೈ ಹಾಕಿ, ಅವಳ ಮುಖ ನೋಡಿ, ಕೈ ತೆಗೆದ. ಗಾಡಿ ನೇರ ಮುಂದೆ, ಕಡಲಿನ ಕಡೆಗೆ ಹೋಯಿತು.