ಬ್ರೇಕಿಗೆ ಸುರಿದ ಎಣ್ಣೆ

ಅಜ್ಜಂಪುರದ ಷಣ್ಮುಖಪ್ಪನವರಿಗೆ ಮೆಕ್ಯಾನಿಕ್‌ಗಳನ್ನು ಕಂಡರೇ ಆಗುತ್ತಿರಲಿಲ್ಲ. ಮೂವತ್ತು ವರ್ಷದಿಂದ ಟ್ರ್ಯಾಕ್ಟರನ್ನು ತಾವೇ ಬಿಚ್ಚಿ ತಾವೇ ಜೋಡಿಸಿದವರು. ಬೋರಿನ ಮೋಟರು, ಮನೆಯ ಮಿಕ್ಸಿ, ಪಕ್ಕದವರ ಔಷಧಿ ಹೊಡೆಯುವ ಪಂಪು, ಯಾವುದೂ ಅವರ ಸ್ಪ್ಯಾನರಿನಿಂದ ತಪ್ಪಿಸಿಕೊಂಡಿರಲಿಲ್ಲ. ಅವರು ರಿಪೇರಿ ಮಾಡಿದ ಫ್ಯಾನು ಗೊರಕೆ ಹೊಡೆಯುತ್ತಿತ್ತು, ಆದರೂ ತಿರುಗುತ್ತಿತ್ತಲ್ಲ! ಮನೆಯಲ್ಲಿ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಯಾರಾದರೂ ಏನಾದರೂ ಅಂದರೆ ಯಜಮಾನರು ಎರಡು ದಿನ ಮಾತು ಬಿಡುತ್ತಿದ್ದರು.

ಮಗಳು ಸಂಗೀತಾಗೆ ಲಕ್ಕವಳ್ಳಿಯ ಡ್ಯಾಂ ಆಫೀಸಿನಲ್ಲಿ ಕೆಲಸ. ಹಳೆಯ ಕಾರೊಂದನ್ನು ಕೊಂಡಿದ್ದಳು. ಶನಿವಾರ ಸಂಜೆ ತವರಿಗೆ ಬಂದು ಸೋಮವಾರ ಬೆಳಗ್ಗೆ ಹೊರಡುವುದು ವಾಡಿಕೆ. ಆ ಭಾನುವಾರ ಕಾಫಿ ಕುಡಿಯುತ್ತಾ, “ಅಪ್ಪಾಜಿ, ಬ್ರೇಕ್ ಒತ್ತಿದ್ರೆ ಪೆಡಲ್ ಯಾಕೋ ಒಳಕ್ಕೆ ಹೋಗುತ್ತೆ. ನಾಳೆ ತರೀಕೆರೇಲಿ ತೋರಿಸ್ಕೊಂಡು ಹೋಗ್ತೀನಿ” ಅಂದಳು.

“ಯಾಕೆ, ನಾನು ಸತ್ತೋಗಿದೀನಾ? ಅವ್ನು ಬಾನೆಟ್ ಎತ್ತಿದ್ದಕ್ಕೇ ಐನೂರು ಕೇಳ್ತಾನೆ.”

“ಅದು ಬ್ರೇಕು ಅಪ್ಪಾಜಿ...”

“ಬ್ರೇಕ್ ಅಂದ್ರೆ ಏನು, ಬ್ರಹ್ಮವಿದ್ಯೆನಾ?”

ಸಂಗೀತಾ ಅಮ್ಮನ ಮುಖ ನೋಡಿದಳು. ದಾಕ್ಷಾಯಣಮ್ಮ ಕಣ್ಣಲ್ಲೇ ಬೇಡವೆಂದರು. ಅಲ್ಲಿಗೆ ಮಾತು ಮುಗಿಯಿತು.

ಬಾನೆಟ್ ಎತ್ತಿ ನೋಡಿದರೆ ಬ್ರೇಕಿನ ಡಬ್ಬಿಯಲ್ಲಿ ಎಣ್ಣೆ ತಳ ಸೇರಿತ್ತು. ಷಣ್ಮುಖಪ್ಪನವರು ಶೆಡ್ಡಿನಿಂದ ಟ್ರ್ಯಾಕ್ಟರಿನ ಗೇರ್ ಎಣ್ಣೆಯ ಕ್ಯಾನು ತಂದರು. ಅವರ ಟ್ರ್ಯಾಕ್ಟರಿನ ಬ್ರೇಕು ಅದೇ ಎಣ್ಣೆಯಲ್ಲಿ ಮುಳುಗಿಕೊಂಡು ಕೆಲಸ ಮಾಡುತ್ತದೆ. ಕಬ್ಬಿನ ಲೋಡನ್ನೇ ನಿಲ್ಲಿಸುವ ಎಣ್ಣೆ ಈ ಪುಟ್ಟ ಕಾರನ್ನು ನಿಲ್ಲಿಸದೆ ಬಿಡುತ್ತದೆಯೇ ಎಂಬುದು ಅವರ ಲೆಕ್ಕ. ಡಬ್ಬಿಗೆ ತುಂಬಿದರು. ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾವು ಚಕ್ರದಡಿ ಮಲಗಿ, “ಒತ್ತೇ... ಬಿಡೇ... ಒತ್ತೇ” ಎಂದು ಕೂಗುತ್ತಾ ಪೈಪಿನೊಳಗಿನ ಗಾಳಿ ತೆಗೆದರು. ಸಂಜೆಯ ಹೊತ್ತಿಗೆ ಪೆಡಲ್ ಗಟ್ಟಿಯಾಗಿ ನಿಂತಿತು. ಅಂದು ರಾತ್ರಿ ಅವರು ಒಂದು ಮುದ್ದೆ ಹೆಚ್ಚಿಗೆ ಉಂಡರು.

ಸೋಮವಾರ ಎಂಟು ಗಂಟೆಗೆ ಸಂಗೀತಾ ಹೊರಟಳು. ಷಣ್ಮುಖಪ್ಪನವರು ತಮ್ಮ ಬೈಕ್ ಹತ್ತಿ, ಪಂಪಿಗೊಂದು ಬೆಲ್ಟು ತರಲು ಧನಪಾಲನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರು. ಬೆಲ್ಟು ಕೊಂಡು ಸುಮ್ಮನೆ ಬರುವ ಆಸಾಮಿಯೇ? ಬ್ರೇಕಿನ ಕಥೆಯನ್ನೂ ಬಿಚ್ಚಿದರು.

ಧನಪಾಲ ಬೆಲ್ಟು ಸುತ್ತುತ್ತಿದ್ದ ಕೈ ನಿಲ್ಲಿಸಿದ. “ಯಾವ ಎಣ್ಣೆ ಹಾಕಿದ್ರಿ ಯಜಮಾನ್ರೇ?”

“ಟ್ರ್ಯಾಕ್ಟರಿಂದೇ.”

“ಅಯ್ಯಯ್ಯೋ! ಕಾರಿನ ಬ್ರೇಕ್ ಒಳಗೆಲ್ಲಾ ರಬ್ಬರ್ ಇರುತ್ತೆ ಕಣ್ರೀ. ಆ ಎಣ್ಣೆ ತಾಗಿದ್ರೆ ಉಬ್ಬೋಗುತ್ತೆ. ಮೊದ್ಲು ಬ್ರೇಕ್ ಬಿಡದಂಗೆ ಹಿಡ್ಕೊಂಡು ಚಕ್ರ ಕಾಯುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಕೈ ಕೊಡುತ್ತೆ. ಗಾಡಿ ಎಲ್ಲಿದೆ ಈಗ?”

ಷಣ್ಮುಖಪ್ಪನವರು ತಕ್ಷಣ ಮಗಳಿಗೆ ಫೋನ್ ಮಾಡಿದರು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ಗಾಡಿ ಓಡಿಸುವಾಗ ಯಾರದೇ ಫೋನ್ ಬಂದರೂ ಮುಟ್ಟಕೂಡದೆಂದು ಮಗಳಿಗೆ ಗದರಿ ಕಲಿಸಿದವರು ಅವರೇ.

ಬೆಲ್ಟು ಅಲ್ಲೇ ಉಳಿಯಿತು. ಬೈಕನ್ನು ತರೀಕೆರೆ ರಸ್ತೆಗೆ ತಿರುಗಿಸಿದರು. ಅರವತ್ಮೂರನೇ ವಯಸ್ಸಿನಲ್ಲಿ ಎಂದೂ ಓಡಿಸದ ವೇಗದಲ್ಲಿ ಓಡಿಸಿದರು. ಎದುರಿನಿಂದ ಬಸ್ಸು ಬಂದರೆ ಅದರ ಮುಂಭಾಗ ನೋಡುತ್ತಿದ್ದರು, ಎಲ್ಲಾದರೂ ಜಜ್ಜಿದೆಯೇ ಎಂದು. ರಸ್ತೆಯಂಚಿನಲ್ಲಿ ನಾಲ್ಕು ಜನ ಗುಂಪಾಗಿ ನಿಂತಿದ್ದು ಕಂಡು ಬೈಕ್ ಅತ್ತ ತಿರುಗಿಸಿದರು. ಹತ್ತಿರ ಹೋದರೆ ಕುರಿ ವ್ಯಾಪಾರ. ತರೀಕೆರೆ ದಾಟಿಬಿಟ್ಟಿದ್ದರೆ ಮುಂದೆ ಲಕ್ಕವಳ್ಳಿಯ ತಿರುವುಗಳು, ಇಳಿಜಾರು, ಪಕ್ಕದಲ್ಲಿ ಡ್ಯಾಮಿನ ನೀರು ಹರಿಯುವ ಚಾನಲ್ಲು. ಅಲ್ಲಿಗೆ ಹೋಗುವ ಮೊದಲೇ ಕಾರು ಕೆಟ್ಟು ನಿಲ್ಲಲಿ ದೇವರೇ, ಸುಟ್ಟೇ ಹೋಗಲಿ, ಮಗಳೊಬ್ಬಳು ಕೆಳಗಿಳಿದಿರಲಿ ಎಂದು ಬೇಡಿಕೊಂಡರು.

ಹದಿನಾಲ್ಕು ಕಿಲೋಮೀಟರಿನ ಆಚೆ ಒಂದು ಇಳಿಜಾರಿನ ಬುಡದಲ್ಲಿ ಕಾರು ಕಂಡಿತು. ಮೂತಿ ಹುಣಸೆಮರಕ್ಕೆ ಒಂದು ಮೊಳ ದೂರದಲ್ಲಿತ್ತು. ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಸಂಗೀತಾ ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

“ಪೆಟ್ಟಾಯ್ತೇನಮ್ಮಾ? ಎಲ್ಲಿ, ಕೈ ತೋರ್ಸು!”

“ಏನಾಗಿಲ್ಲ ಅಪ್ಪಾಜಿ. ಇಳಿಜಾರಲ್ಲಿ ಪೆಡಲ್ ಪೂರ್ತಿ ಒಳಕ್ಕೋಯ್ತು. ಹ್ಯಾಂಡ್ ಬ್ರೇಕ್ ಎಳ್ದೆ.”

“ಮೊದ್ಲೇ ಏನೂ ಗೊತ್ತಾಗ್ಲಿಲ್ವಾ?”

ಅವಳು ನೆಲ ನೋಡಿದಳು. “ಅಜ್ಜಂಪುರ ಬಿಡೋವಾಗ್ಲೇ ಗೊತ್ತಾಯ್ತು. ಗಾಡಿ ಎಳೀತಾನೇ ಇರ್ಲಿಲ್ಲ. ಸುಟ್ಟ ವಾಸ್ನೆ.”

“ಮತ್ತೆ ವಾಪಸ್ ಬರೋದಲ್ವೇನಮ್ಮಾ? ಮನೆ ಅಲ್ಲೇ ಇತ್ತಲ್ಲೇ!”

“ಬಂದ್ರೆ ನೀವು ಬೇಜಾರು ಮಾಡ್ಕೊತೀರಿ ಅಂತ... ಹೆಂಗಾರ ತರೀಕೆರೆ ಸೇರಿ ಮೆಕ್ಯಾನಿಕ್‌ಗೆ ತೋರಿಸ್ಬಿಟ್ರೆ ನಿಮ್ಗೆ ಗೊತ್ತೇ ಆಗಲ್ಲ ಅಂತ ಬಂದೆ.”

ಷಣ್ಮುಖಪ್ಪನವರು ತಾವು ಬಂದ ದಾರಿಯತ್ತ ತಿರುಗಿ ನೋಡಿದರು. ಬ್ರೇಕು ಕೆಟ್ಟಿದೆಯೆಂದು ತಿಳಿದೂ ತಿಳಿದೂ ಹದಿನಾಲ್ಕು ಕಿಲೋಮೀಟರ್ ಬಂದಿದ್ದಾಳೆ. ಸಾವಿಗಿಂತ ಹೆಚ್ಚಾಗಿ ಅವಳು ಅಪ್ಪನಿಗೆ ಹೆದರಿದ್ದಾಳೆ. ಅವರು ಮೋರಿಕಟ್ಟೆಯ ಮೇಲೆ ಕೂತು ಮಗಳ ಕೈ ಹಿಡಿದುಕೊಂಡರು. “ಆ ತರೀಕೆರೆ ಮೆಕ್ಯಾನಿಕ್ಕಿಗೆ ಫೋನ್ ಹಚ್ಚು” ಅಂದರು.

ಆ ಕಡೆಯಿಂದ ಮೆಕ್ಯಾನಿಕ್ ಕಲ್ಲೇಶ್ ಎಲ್ಲ ಕೇಳಿಸಿಕೊಂಡು ರೇಗಿದ. “ಬ್ರೇಕಿಗೆ ಟ್ರ್ಯಾಕ್ಟರ್ ಎಣ್ಣೆ ಹಾಕಿದ್ಯಾರು ಮೇಡಂ?”

ಸಂಗೀತಾ ಅಪ್ಪನ ಕಡೆ ನೋಡದೆ, “ನಾನೇ ಕಣಣ್ಣ, ಗೊತ್ತಿಲ್ದೆ ಹಾಕ್ಬಿಟ್ಟೆ” ಅಂದಳು.

ಷಣ್ಮುಖಪ್ಪನವರು ಅವಳ ಕೈಯಿಂದ ಫೋನ್ ತೆಗೆದುಕೊಂಡರು.

“ಅವಳಲ್ಲ ಕಣಪ್ಪ, ನಾನು. ಅವಳಪ್ಪ ಮಾತಾಡ್ತಿರೋದು. ನಾನೇ ಸುರ್ದೆ, ನಾನೇ ಕೂರ್ಸಿ ಕಳಿಸ್ದೆ” ಎಂದರು. ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರೂ ಅವರು ಗಟ್ಟಿಯಾಗಿ ಅತ್ತುಬಿಟ್ಟರು.