ಫ್ರಿಜ್ಜು ಸುಮ್ಮನಾದ ಮಧ್ಯಾಹ್ನ

ಟೈಲರಕ್ಕನ ಮನೆಯಲ್ಲಿ ಗುಂಯ್ ಎನ್ನುವ ಸದ್ದೊಂದು ಹಗಲೂ ರಾತ್ರಿ ಇರುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿದ್ದ ಹಳೇ ಫ್ರಿಜ್ಜಿನ ಸದ್ದು ಅದು. ಕೇಳಿ ಕೇಳಿ ಮನೆಯವರ ಕಿವಿಗೆ ಅದು ಸದ್ದು ಅಂತಲೇ ಅನ್ನಿಸುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದಿಳಿದು ಹೊಲಿಗೆ ಮೆಷೀನಿನ ಮೇಲೆ ಕೂತಾಗ, ಆ ಗುಂಯ್‌ಗುಟ್ಟುವಿಕೆಯೇ ಟೈಲರಕ್ಕನಿಗೆ ಜೋಗುಳ. ಕಣ್ಣು ಎಳೆಯುತ್ತಿತ್ತು. ಆಸ್ಪತ್ರೆಯ ನರ್ಸುಗಳಿಗಾಗಿ ಅವಳು ಹೊಲಿದ ಬಿಳಿ ಕೋಟುಗಳೆಲ್ಲ ಆ ಅರೆನಿದ್ದೆಯಲ್ಲಿ ತೋಳು ಬೀಸಿಕೊಂಡು ತಾವೇ ಬೀದಿಗೆ ಹೊರಟುಬಿಡುತ್ತಿದ್ದವು.

ಅವತ್ತು ಕೋಟುಗಳು ಇನ್ನೂ ಹೊಸ್ತಿಲು ದಾಟಿರಲಿಲ್ಲ, ಅತ್ತೆಯ ದನಿ ಎಬ್ಬಿಸಿತು. ಅವರ ಕೈಯಲ್ಲಿ ಆಗಷ್ಟೇ ಬಂದ ಕರೆಂಟ್ ಬಿಲ್ಲು.

"ನೋಡಮ್ಮ, ಮತ್ತೆ ಏರಿದೆ. ನಿನ್ನ ಮೆಷೀನಿಗೆ ಮೋಟಾರು ಹಾಕಿಸಿದ ಮೇಲೇ ಈ ಕಾಟ ಶುರುವಾಗಿದ್ದು. ನಾಳೆಯಿಂದ ಮೋಟಾರು ಬಿಚ್ಚಿಡು, ಕಾಲಲ್ಲೇ ತುಳಿ. ನಾವೆಲ್ಲ ತುಳೀಲಿಲ್ವಾ?"

ಟೈಲರಕ್ಕನ ಮೊಣಕಾಲು ಸವೆದು ಎರಡು ವರ್ಷವಾಗಿತ್ತು. ಮೋಟಾರು ಹೋದರೆ ಹೊಲಿಗೆಯೂ ಹೋದಂತೆಯೇ. ಆದರೂ ಬಿಲ್ಲು ಏರಿದ್ದು ಸುಳ್ಳಲ್ಲವಲ್ಲ! ಅವಳು ಸೂಜಿಗೆ ದಾರ ಪೋಣಿಸುತ್ತ ಕೂತಳು.

ಬಿಲ್ಲು ಕೊಟ್ಟ ಮೀಟರಕ್ಕ ಇನ್ನೂ ಬಾಗಿಲಲ್ಲೇ ಇದ್ದಳು. ಬೀದಿಯ ಮನೆಮನೆಯ ಮೀಟರು ನೋಡುವ ಕೆಲಸ ಅವಳದು, ಅವತ್ತಿಗೆ ಇದೇ ಕೊನೆಯ ಮನೆ. ಅವಳ ಬ್ಯಾಗಿನ ಪಟ್ಟಿ ಕಿತ್ತುಹೋಗಿತ್ತು.

"ಅಕ್ಕ, ಇದಕ್ಕೆರಡು ಹೊಲಿಗೆ ಹಾಕಿ ಕೊಡ್ತೀರಾ? ಅಮ್ಮಾ, ನೀವು ಸ್ವಲ್ಪ ತಾಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬಾರ್ದು. ಮೀಟರಿನಲ್ಲಿ ಕೆಂಪು ದೀಪ ಮಿಟುಕುತ್ತೆ ನೋಡಿ. ಕರೆಂಟು ಜಾಸ್ತಿ ಹೋದಷ್ಟೂ ಬೇಗ ಬೇಗ ಮಿಟುಕುತ್ತೆ. ನೀವೇ ಎಣಿಸಿ."

ಅತ್ತೆ ಸ್ಟೂಲು ಎಳೆದುಕೊಂಡು ಮೀಟರಿನ ಮುಂದೆ ಕೂತರು. ಮನೆಯಲ್ಲಿ ಉಳಿದದ್ದೆಲ್ಲ ಆರಿಸಿ, ಟೈಲರಕ್ಕ ಬ್ಯಾಗಿನ ಪಟ್ಟಿಯನ್ನು ಮೆಷೀನಿಗೆ ಕೊಟ್ಟಳು. ಒಂದು ನಿಮಿಷದಲ್ಲಿ ದೀಪ ಐದು ಸಲ ಕಣ್ಣು ಹೊಡೆಯಿತು.

"ಐದೇನಾ?" ಅತ್ತೆಗೆ ಸಮಾಧಾನವಿಲ್ಲ. "ಇನ್ನೊಂದ್ಸಲ ಓಡಿಸು."

ಮತ್ತೆಯೂ ಐದೇ. ಆಮೇಲೆ ಮೆಷೀನು ನಿಲ್ಲಿಸಿ ಫ್ರಿಜ್ಜೊಂದನ್ನೇ ಹಾಕಿದರು. ಒಂಬತ್ತು. ಇಸ್ತ್ರಿಪೆಟ್ಟಿಗೆ ಹಾಕಿದಾಗಂತೂ ಅತ್ತೆಗೆ ಲೆಕ್ಕವೇ ತಪ್ಪಿತು.

"ಇಸ್ತ್ರಿಪೆಟ್ಟಿಗೆ ಹೊಟ್ಟೆಬಾಕ, ಆದ್ರೆ ಅದನ್ನ ಬೇಗ ಆರಿಸ್ತೀರಿ," ಎಂದಳು ಮೀಟರಕ್ಕ. "ಮೋಟಾರಿನ ಪೆಡಲಿಂದ ಕಾಲು ತೆಗೆದ್ರೆ ಮೆಷೀನು ತೆಪ್ಪಗಾಗುತ್ತೆ. ಈ ಫ್ರಿಜ್ಜು?"

"ಅದು ಓಡ್ತಾನೇ ಇರ್ಬೇಕಲ್ಲಮ್ಮ, ಫ್ರಿಜ್ಜು!"

"ಇಲ್ಲ ಅಮ್ಮಾ. ಒಳಗೆ ತಣ್ಣಗಾದ ಮೇಲೆ ತಾನೇ ನಿಲ್ಬೇಕು. ಒಂದಿಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಶುರುವಾಗ್ಬೇಕು. ನಿಮ್ಮದು ನಿಂತಿದ್ದನ್ನ ಯಾವಾಗ ಕೇಳಿದ್ರಿ?"

ಅತ್ತೆ ಸೊಸೆ ಇಬ್ಬರಿಗೂ ನೆನಪಿಲ್ಲ.

ಪ್ಲಗ್ಗು ಕಿತ್ತು ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದರು. ಮೀಟರಕ್ಕ ಹಿಂದಕ್ಕೆ ಇಣುಕಿದವಳೇ ನಕ್ಕಳು. ಹಿಂಬದಿಯ ಕಪ್ಪು ಜಾಲರಿಯ ಮೇಲೆ ನಾಲ್ಕು ಪದರ ಬಟ್ಟೆ ಬೆಚ್ಚಗೆ ಮಲಗಿತ್ತು.

ಟೈಲರಕ್ಕ ನಾಲಿಗೆ ಕಚ್ಚಿಕೊಂಡಳು. ಕೋಟಿನ ಒಳಗೆ ಹಾಕುವ ಲೈನಿಂಗ್ ಬಟ್ಟೆ ಅದು. ನೀರಲ್ಲಿ ನೆನೆಸಿ ಒಣಗಿಸದೆ ಹೊಲಿದರೆ ಆಮೇಲೆ ಕುಗ್ಗಿ ಮಾನ ಹೋಗುತ್ತದೆ. ಫ್ರಿಜ್ಜಿನ ಬೆನ್ನು ಬಿಸಿಯಿರುತ್ತದಲ್ಲ, ಬಿಟ್ಟಿ ಬಿಸಿ ಎಂದುಕೊಂಡು ಹಿಂಡಿದ್ದನ್ನು ಅಲ್ಲೇ ಹರವುತ್ತಿದ್ದಳು, ಬೇಕಾಗುವವರೆಗೂ ಅಲ್ಲೇ ಬಿಡುತ್ತಿದ್ದಳು. ಮೋಟಾರು ಬಂದು ಕೆಲಸ ಹೆಚ್ಚಿದ ಮೇಲೆ ಬಟ್ಟೆಯ ಪದರವೂ ಹೆಚ್ಚಿತ್ತು.

"ಒಳಗಿನ ಬಿಸಿ ಹೊರಗೆ ಹೋಗೋದೇ ಈ ಬೆನ್ನಿಂದ. ನೀವು ಕಂಬಳಿ ಹೊದಿಸಿದ್ದೀರಿ, ಪಾಪ ಅದು ಬೆವರ್ಕೊಂಡು ದುಡೀತಿದೆ. ಒದ್ದೆ ಬಟ್ಟೆ, ಕರೆಂಟು, ಜೀವಕ್ಕೂ ಅಪಾಯ. ಎಲ್ಲಿ, ನಿಮ್ಮ ಅಳತೆ ಟೇಪು ಕೊಡಿ."

ಮೀಟರಕ್ಕ ಟೇಪನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಸಲೀಸಾಗಿ ಬಂತು.

"ಬಾಗಿಲಿನ ರಬ್ಬರು ಹಿಡೀತಿಲ್ಲ. ಬೆಚ್ಚಗಿನ ಸೋಪಿನ ನೀರಲ್ಲಿ ಒರೆಸಿ. ಆಗಲೂ ಹಿಡೀದಿದ್ರೆ ಹೊಸದು ಹಾಕಿಸಿ."

ಸಂಜೆಯವರೆಗೂ ಮೂವರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದುಡಿದರು. ಜಾಲರಿಯ ಧೂಳು ತೆಗೆದರು, ರಬ್ಬರು ತೊಳೆದರು, ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ನಿಲ್ಲಿಸಿದರು. ಲೈನಿಂಗ್ ಬಟ್ಟೆ ಒಣಹಾಕಲು ಬಿಸಿಲು ಬೀಳುವ ಕಿಟಕಿಗೆ ಹಗ್ಗ ಕಟ್ಟಿದರು. ಒಂದೊಂದೇ ಕೋಟಿಗೆ ಇಸ್ತ್ರಿ ಕಾಯಿಸುವುದು ಬೇಡ, ಎಲ್ಲವನ್ನೂ ಸೇರಿಸಿ ಒಂದೇ ಸಲ ಹಾಕೋಣ ಎಂದು ಅತ್ತೆಯೇ ತೀರ್ಮಾನ ಕೊಟ್ಟರು.

ಮರುದಿನ ಮಧ್ಯಾಹ್ನ ಬಿಸಿಲು ಮೆಷೀನಿನ ಮೇಲೆ ಬಂದು ಕೂತಿತ್ತು. ಟೈಲರಕ್ಕನ ಕಣ್ಣು ಎಳೆಯುತ್ತಿತ್ತು. ಇದ್ದಕ್ಕಿದ್ದಂತೆ ಏನೋ ಕಳಚಿಕೊಂಡ ಹಾಗಾಯಿತು. ಮನೆ ತುಂಬ ಮೌನ.

"ಅಯ್ಯೋ! ಫ್ರಿಜ್ಜು ಕೆಟ್ಟೋಯ್ತು ಕಣೇ!" ಅತ್ತೆ ಅಡುಗೆಮನೆಗೆ ಓಡಿದರು. ಟೈಲರಕ್ಕ ಕುಂಟುತ್ತ ಹಿಂದೆಯೇ ಹೋಗಿ ಬಾಗಿಲು ತೆಗೆದಳು. ಹಾಲಿನ ಪಾತ್ರೆ ಕೈಗೆ ತಣ್ಣಗೆ ತಾಗಿತು. ಏನೂ ಕೆಟ್ಟಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಫ್ರಿಜ್ಜು ವಿಶ್ರಾಂತಿ ತೆಗೆದುಕೊಂಡಿತ್ತು, ಅಷ್ಟೇ.

ಇಬ್ಬರೂ ಅಲ್ಲೇ ನಿಂತು ಆ ಮೌನ ಕೇಳಿದರು. ಕಿಟಕಿಯ ಹಗ್ಗದಲ್ಲಿ ಲೈನಿಂಗ್ ಬಟ್ಟೆ ಮೆಲ್ಲಗೆ ಪಟಪಟಿಸುತ್ತಿತ್ತು. ಎದುರುಮನೆಯ ಮಗುವಿನ ನಗು ಇಲ್ಲಿಯವರೆಗೂ ಕೇಳುತ್ತಿತ್ತು. ಇವೆಲ್ಲ ಇಷ್ಟು ದಿನ ಎಲ್ಲಿದ್ದವೋ ಎಂದು ಟೈಲರಕ್ಕನಿಗೆ ಅಚ್ಚರಿಯಾಯಿತು.

ಅತ್ತೆ ಸೊಸೆಯ ಮೊಣಕಾಲಿನ ಕಡೆ ನೋಡಿದರು. "ಮೋಟಾರು ಬಿಚ್ಚಬೇಡಮ್ಮ," ಎಂದರು. "ನಾನು ಸುಮ್ಮನೆ ಅದರ ಮೇಲೆ ಹಾರಾಡಿದೆ."

ಮುಂದಿನ ತಿಂಗಳು ಬಿಲ್ಲು ಇಳಿಯಿತು. ಅತ್ತೆ ಕನ್ನಡಕ ಒರೆಸಿಕೊಂಡು ಅದನ್ನು ಎರಡು ಸಲ ಓದಿದರು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳಿಯಾದ ಮೇಲೆ ನಿಮ್ಮ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕೂತು ಕಿವಿಗೊಡಿ. ನಿಮ್ಮ ಫ್ರಿಜ್ಜು ಆಗಾಗ ಸುಮ್ಮನಾಗುತ್ತದೆಯೇ? ಆಗದಿದ್ದರೆ ಪ್ಲಗ್ಗು ತೆಗೆದು ಅದರ ಬೆನ್ನ ಹಿಂದೆ ಇಣುಕಿ, ಬಾಗಿಲಿಗೊಂದು ಕಾಗದ ಸಿಕ್ಕಿಸಿ ಎಳೆದು ನೋಡಿ. ಮನೆಯಲ್ಲಿ ಯಾರ ಮೇಲಾದರೂ ತಪ್ಪು ಹೊರಿಸುವ ಮೊದಲು ಮೀಟರಿನ ಕೆಂಪು ದೀಪವನ್ನು ಒಂದು ಸಲ ಕೇಳಿ. ಅದು ಸುಳ್ಳು ಹೇಳುವುದಿಲ್ಲ.