ಹೊಸ ಕೂದಲಿನ ಬಣ್ಣ

ಗುಂಡಿ ಯಾವ ತಳಿಯ ಬೆಕ್ಕು ಅನ್ನುವುದು ಇತ್ಯರ್ಥವಾಗದೇ ಇರಲಿ ಎಂದು ಆ ಮನೆಯಲ್ಲಿ ಬಯಸುತ್ತಿದ್ದವಳು ಪುಟ್ಟಿ ಒಬ್ಬಳೇ.

ಪುಟ್ಟಿ ಎಂದರೆ ಎಳೆಯ ಹುಡುಗಿಯಲ್ಲ, ತಲೆ ಅರ್ಧ ನರೆತಿತ್ತು. ಗಂಡನ ಮನೆ ಬಿಟ್ಟು ಬಂದ ಮೇಲೆ ಅಕ್ಕ-ಭಾವನ ಜೊತೆ ಇದ್ದಳು. ಮುಂದಿನ ಕೋಣೆಯಲ್ಲಿ ಭಾವನ ಟೈಲರ್ ಅಂಗಡಿ, ಹಿಂದೆ ವಾಸ. ಭಾವ ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಿದ್ದ, ಅಕ್ಕ ಹೊಲಿಯುತ್ತಿದ್ದಳು. ಕಾಜಾ ಹೊಲಿಯುವುದು, ಬಟ್ಟೆಗೆ ಗುಂಡಿ ಹಚ್ಚುವುದು, ಇಸ್ತ್ರಿ ಪುಟ್ಟಿಯ ಪಾಲು. ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿಕೊಳ್ಳುವ ಮುಂಚೆ ಅವಳು ಅಕ್ಕನ ಮುಖ ನೋಡುತ್ತಿದ್ದಳು. ಯಾರೂ ಹಾಗೆ ನೋಡು ಅಂದಿರಲಿಲ್ಲ.

ಬೆಕ್ಕು ತಾನಾಗಿ ಒಳಗೆ ಬಂದು, ಇಸ್ತ್ರಿ ಮೇಜಿನ ಕೆಳಗಿನ ಚೂರು ಬಟ್ಟೆಯ ಬುಟ್ಟಿಯಲ್ಲಿ ಮಲಗಿಬಿಟ್ಟಿತ್ತು. ಅದಕ್ಕೆ ಗುಂಡಿ ಎಂದು ಹೆಸರಿಟ್ಟವಳು ಪುಟ್ಟಿಯೇ. ಮೈಯೆಲ್ಲ ಕೆನೆಬಣ್ಣ. ಮೂತಿ, ಕಿವಿ, ಪಾದ, ಬಾಲ ಮಾತ್ರ ಕಾಫಿಯಲ್ಲಿ ಅದ್ದಿ ತೆಗೆದ ಹಾಗೆ. ಕಣ್ಣು ನೀಲಿ. ಭಾವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಕರೀ ಕೋಟು ಹೊಲಿಯೋಕೆ ಕೊಟ್ಟವರಿಗೆ ತುಪ್ಪಳದ ಕೋಟು ವಾಪಸ್ ಕೊಡ್ತಿದ್ದೀವಿ. ಮಾರ್ಕೆಟ್ ಹತ್ರ ಬಿಟ್ಟು ಬರ್ತೀನಿ, ಒಂದು ಚೀಲ ಕೊಡು," ಎಂದು ಅವನು ಅಕ್ಕನಿಗೆ ಹೇಳಿದ ದಿನವೇ ಲಾಡ್ಜ್ ಮೇಡಂ ಬಂದರು.

ಅವರ ಲಾಡ್ಜಿನ ಪರದೆ, ದಿಂಬಿನ ಗವಸು, ಕೆಲಸದವರ ಸಮವಸ್ತ್ರ ಎಲ್ಲ ಹೊಲಿಸಿಕೊಳ್ಳುತ್ತಿದ್ದದ್ದು ಇಲ್ಲೇ. ಈ ಅಂಗಡಿ ಉಸಿರಾಡುತ್ತಿದ್ದದ್ದೇ ಅವರಿಂದ. ಮೇಡಂ ಬಗ್ಗಿ ನೋಡಿ, "ಅರೆ, ಇದು ಸಯಾಮೀಸ್ ತಳಿ ಇದ್ದ ಹಾಗಿದೆಯಲ್ರೀ! ನಮ್ಮನೇಲಿ ಒಂದು ಗಂಡು ಇದೆ, ಅದಕ್ಕೆ ಜೋಡಿ ಹುಡುಕ್ತಾನೇ ಇದ್ದೀನಿ. ನಿಜವಾದ ಸಯಾಮೀಸ್ ಆದ್ರೆ ನನಗೇ ಕೊಡಿ. ಇನ್ನೊಂದು ಸಲ ನಿಧಾನವಾಗಿ ನೋಡಿ ಹೇಳ್ತೀನಿ," ಅಂದರು.

ಅವರು ಹೊರಟ ಮೇಲೆ ಭಾವ ಚೀಲವನ್ನು ಮೊಳೆಗೆ ನೇತುಹಾಕಿದ. ಬೆಕ್ಕಿಗೆ ಮೆತ್ತೆ ಬಂತು, ಹಾಲು ಬಂತು. "ಬಾರಮ್ಮ ರಾಣಿ," ಎಂದು ಅವನು ಕರೆಯುವುದನ್ನು ಕೇಳಿ ಪುಟ್ಟಿಗೆ ನಗು ಬಂತು, ಹಿಂದೆಯೇ ಕಣ್ಣು ಮೊಳೆಯ ಮೇಲಿನ ಚೀಲಕ್ಕೆ ಹೋಯಿತು. ಸಯಾಮೀಸ್ ಹೌದು ಅಂದರೆ ಗುಂಡಿ ಮೇಡಂ ಮನೆಗೆ, ಅಲ್ಲ ಅಂದರೆ ಚೀಲಕ್ಕೆ. ಹೌದೋ ಅಲ್ಲವೋ ಅನ್ನುವಷ್ಟು ದಿನ ಮಾತ್ರ ತನ್ನ ಕಾಲ ಬುಡದಲ್ಲಿ.

ಚಳಿ ಶುರುವಾಗುವ ಹೊತ್ತಿಗೆ ಗುಂಡಿಯ ಪಕ್ಕೆಯಲ್ಲಿ ಕುರು ಎದ್ದು ಕೀವಾಯಿತು. ಪುಟ್ಟಿ ಅದನ್ನು ಪ್ರಾಣಿ ಡಾಕ್ಟರ ಹತ್ತಿರ ಒಯ್ದಳು. ಅವರು ಅಂಗೈಯಷ್ಟು ಜಾಗದ ಕೂದಲು ಬೋಳಿಸಿ ಔಷಧಿ ಹಚ್ಚಿದರು. ಗಾಯ ಮಾಗಿತು. ಆದರೆ ಹೊಸದಾಗಿ ಬಂದ ಕೂದಲು ಕೆನೆಬಣ್ಣದ್ದಾಗಿರಲಿಲ್ಲ, ಕಂದು.

ಭಾವ ಎದೆ ಹಿಡಿದುಕೊಂಡ. "ಬೇರೆ ತಾನಿನ ಬಟ್ಟೆಯಲ್ಲಿ ತೇಪೆ ಹಾಕಿದ ಹಾಗಿದೆ! ಮೇಡಂ ನೋಡಿದ್ರೆ ಏನಂತಾರೆ?"

ಬಣ್ಣ ಹೊಂದದ ತುಂಡನ್ನು ಕತ್ತರಿಸಿ ಬೇರೆ ಹಾಕುವುದು ಅವರ ಕಸುಬಿನ ಮೊದಲ ಪಾಠ. ಅಕ್ಕ ಸಣ್ಣ ಕತ್ತರಿ ತಂದಳು, ಭಾವ ಬೆಕ್ಕಿನ ಕಾಲುಗಳನ್ನು ಹಿಡಿದ. ಪುಟ್ಟಿ ಬೇಡ ಬೇಡ ಅನ್ನುತ್ತಿದ್ದ ಹಾಗೇ ಕಂದು ಕೂದಲನ್ನೆಲ್ಲ ಬುಡಕ್ಕೆ ಕತ್ತರಿಸಿ ತೆಗೆದರು. ಆ ಜಾಗದಲ್ಲಿ ಮತ್ತೆ ಬಂದದ್ದು ಇನ್ನೂ ಕಡುಕಂದು. "ಹಾಳಾದ್ದು, ಹಟ ನೋಡು ಇದರದ್ದು," ಎಂದು ಅಕ್ಕ ಮತ್ತೆ ಕತ್ತರಿ ಹುಡುಕಿದಳು.

ಏನೋ ಕಾಯಿಲೆ ಇರಬೇಕೆಂದು ಹೆದರಿದ ಪುಟ್ಟಿ ದಾರ ತರುವ ನೆಪ ಹೇಳಿ ಡಾಕ್ಟರ ಹತ್ತಿರ ಹೋದಳು.

"ಕಾಯಿಲೆ ಅಲ್ಲಮ್ಮ," ಎಂದರು ಡಾಕ್ಟರು. "ಸಯಾಮೀಸ್ ರಕ್ತ ಇರೋ ಬೆಕ್ಕುಗಳೇ ಹಾಗೆ. ಮೈಯಲ್ಲಿ ಎಲ್ಲಿ ತಂಪೋ ಅಲ್ಲಿ ಕೂದಲು ಕಪ್ಪಾಗುತ್ತೆ. ಅದಕ್ಕೇ ಕಿವಿ, ಬಾಲ ಕಪ್ಪು. ಬೋಳಿಸಿದ ಕಡೆ ಚಳಿ ತಗಲಿದೆ, ಅಷ್ಟೇ. ಅಪ್ಪಟ ಸಯಾಮೀಸ್ ಅಂತ ಹೇಳೋಕೆ ಅಪ್ಪ ಅಮ್ಮ ಯಾರು ಅಂತ ಗೊತ್ತಿರಬೇಕು. ಆದ್ರೆ ಆ ರಕ್ತ ಇದೆ, ಅನುಮಾನ ಬೇಡ."

ಪುಟ್ಟಿ ಈ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ದಾರದ ಉಂಡೆ ತಂದು ಮೇಜಿನ ಮೇಲಿಟ್ಟು ಕಾಜಾ ಹೊಲಿಯುತ್ತಾ ಕೂತಳು.

ಕೊನೆಗೆ ಮೇಡಂ ಬಂದರು. ಗುಂಡಿಯನ್ನು ಎತ್ತಿ ಮೇಜಿನ ಮೇಲಿಟ್ಟು, ಮೂಗು ನೋಡಿದರು, ಬಾಲ ಸವರಿದರು. ಪಕ್ಕೆಗೆ ಕೈ ಬಂದಾಗ ನಿಂತರು.

"ಇದೇನಿದು ಮಚ್ಚೆ? ಮೊದಲು ಇರಲಿಲ್ವಲ್ಲ. ಅಯ್ಯೋ, ಬೆರಕೆ ಕಣ್ರೀ. ಅಪ್ಪಟದ್ದಕ್ಕೆ ಹೀಗೆ ಮಧ್ಯದಲ್ಲಿ ಮಚ್ಚೆ ಬರಲ್ಲ." ಕೈ ಒರೆಸಿಕೊಂಡು ತಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡರು. "ಲಾಡ್ಜಿನ ಹೊಸ ಮಹಡಿಯ ಪರದೆ ವಿಷಯ ಇನ್ನೊಮ್ಮೆ ಮಾತಾಡೋಣ ಬಿಡಿ."

ಭಾವ ಅವರನ್ನು ಬಾಗಿಲವರೆಗೆ ಕಳಿಸಲು ಹೋಗಲಿಲ್ಲ. ಸೀದಾ ಮೊಳೆಯ ಹತ್ತಿರ ಹೋಗಿ ಚೀಲ ತೆಗೆದ. ಅಕ್ಕ ಚೀಲದ ಬಾಯಿ ಕಟ್ಟಲು ಲಾಡಿ ಹುಡುಕಿದಳು. ಗುಂಡಿ ಮೇಜಿನ ಮೇಲೆ ಕೂತು, ಮೇಡಂ ಸವರಿದ ಜಾಗವನ್ನು ನೆಕ್ಕಿಕೊಳ್ಳುತ್ತಿತ್ತು.

"ಮೇಡಂ!" ಪುಟ್ಟಿ ಬೀದಿಗೆ ಓಡಿದಳು. "ಮೇಡಂ, ಅದು ಮಚ್ಚೆ ಅಲ್ಲ. ಬೋಳಿಸಿದ್ದು. ಸಯಾಮೀಸ್ ರಕ್ತ ಇದೆ ಅಂತ ಡಾಕ್ಟರು ಹೇಳಿದ್ದಾರೆ, ಬೇಕಾದ್ರೆ ಅವರನ್ನೇ ಕೇಳಿ."

ಮೇಡಂ ಕಾರಿನ ಬಾಗಿಲು ಹಿಡಿದುಕೊಂಡೇ ಡಾಕ್ಟರಿಗೆ ಫೋನ್ ಮಾಡಿದರು. ಬಹಳ ಹೊತ್ತು ಹೂಂ, ಹೂಂ ಅಂದರು. ಆಮೇಲೆ ಒಳಗೆ ಬಂದು ಗುಂಡಿಯನ್ನು ಎತ್ತಿಕೊಂಡು ಹೋದರು. ಅದು ಅವರ ಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಿತ್ತು. ಕಾರಿನ ಗಾಜು ಮೇಲೇರಿತು.

"ಗೊತ್ತಿದ್ದೂ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕೂತಿದ್ಯಲ್ಲೇ," ಎಂದ ಭಾವ. ಬಾಯಲ್ಲಿ ಬೈಗುಳ, ಮುಖ ಮಾತ್ರ ಅರಳಿತ್ತು. "ಒಂಚೂರು ತಡವಾಗಿದ್ರೆ ಲಾಡ್ಜಿನ ಕೆಲಸಾನೇ ಕೈ ಬಿಡ್ತಿತ್ತು."

"ಬಿಡಿ ಅಂದ್ರೆ, ಹೇಳಿದ್ಲಲ್ಲ ಕೊನೆಗೆ," ಎಂದಳು ಅಕ್ಕ. "ಏಳೇ ಪುಟ್ಟಿ. ಮೇಜು ಒರೆಸು, ಕೂದಲು ಕೂತಿದೆ."

ಪುಟ್ಟಿ ಒದ್ದೆ ಬಟ್ಟೆ ತಂದು ಒರೆಸಿದಳು. ಬುಟ್ಟಿಯ ಚೂರುಗಳನ್ನು ಹಿತ್ತಿಲಿನಲ್ಲಿ ಕೊಡವಿದಳು. ಮೆತ್ತೆಯನ್ನು ಅಕ್ಕ ತನ್ನ ಕುರ್ಚಿಗೆ ಹಾಕಿಕೊಂಡಳು.

ಪರದೆಯ ಬಟ್ಟೆ ಬಂತು, ಹಗಲೆಲ್ಲ ಕೆಲಸ. ಭಾವನಿಗೆ ಈಗ ಬಂದ ಗಿರಾಕಿಗೆಲ್ಲ ಹೇಳಲು ಒಂದು ಕತೆ ಸಿಕ್ಕಿತ್ತು. "ನಮ್ಮ ಅಂಗಡೀಲಿ ಸಯಾಮೀಸ್ ಇತ್ತು. ಕಂಡುಹಿಡಿದವಳು ಯಾರು ಅಂತೀರಾ? ನನ್ನ ನಾದಿನಿ! ಕೂದಲು ನೋಡಿ ಕುಲ ಹೇಳ್ತಾಳೆ." ಗಿರಾಕಿಗಳು ನಕ್ಕು ಪುಟ್ಟಿಯ ಕಡೆ ನೋಡುತ್ತಿದ್ದರು. ಅವಳು ಇಸ್ತ್ರಿ ಒತ್ತುತ್ತಿದ್ದಳು.

ಈ ಕತೆ ಕೇಳಿಸಿಕೊಂಡ ಒಬ್ಬ ನರ್ಸಮ್ಮ ಮುಂದಿನ ಸಲ ಬರುವಾಗ ತನ್ನ ಬೆಕ್ಕನ್ನೇ ಬುಟ್ಟಿಯಲ್ಲಿ ತಂದರು. ಕೆನೆಬಣ್ಣದ ಮರಿ, ಕಿವಿಯ ತುದಿ ಆಗಷ್ಟೇ ಕಪ್ಪಾಗುತ್ತಿತ್ತು. ಕಣ್ಣು ತಿಳಿನೀಲಿ.

"ನೋಡಿ ಹೇಳ್ರೀ, ಇದು ಆ ಜಾತಿನೇನಾ? ನಮ್ಮನೆಯವರು ಬೀದಿ ಬೆಕ್ಕು ಅಂತ ಆಡಿಕೊಳ್ತಾರೆ," ಎಂದರು ನರ್ಸಮ್ಮ, ಆಸೆಯಿಂದ.

ಪುಟ್ಟಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಮರಿಯ ಕಿವಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು, ತಣ್ಣಗಿತ್ತು.

"ಅಲ್ಲ. ಬೀದಿ ಬೆಕ್ಕೇ."

"ಸರಿಯಾಗಿ ನೋಡಿದ್ರಾ?"

"ನೋಡಿದೆ. ಏನೂ ಇಲ್ಲ ಇದರಲ್ಲಿ. ಮನೆಗೆ ಕರ್ಕೊಂಡು ಹೋಗಿ. ಇನ್ಯಾರಿಗೂ ತೋರಿಸೋಕೆ ಹೋಗ್ಬೇಡಿ."

ನರ್ಸಮ್ಮನ ಮುಖ ಬಾಡಿತು. ಬುಟ್ಟಿ ಮುಚ್ಚಿಕೊಂಡು, ಹೊಲಿಯಲು ತಂದಿದ್ದ ಬಟ್ಟೆಯನ್ನೂ ಕೊಡದೆ ಮೆಟ್ಟಿಲಿಳಿದರು.

"ಒಳ್ಳೇ ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಭಾವ ಕತ್ತರಿ ಕೆಳಗಿಟ್ಟು ಕೂಗಾಡಿದ. "ಗಿರಾಕಿ ಓಡಿಸ್ತಾಳೆ, ಹೊಟ್ಟೆಕಿಚ್ಚಿನವಳು!"

ಪುಟ್ಟಿ ಇಸ್ತ್ರಿ ಮೇಜಿಗೆ ತಿರುಗಿದಳು. ಲಾಡ್ಜಿನ ಪರದೆಯ ಇನ್ನೊಂದು ಅಂಚು ಮಡಿಚಿ, ನೀರು ಚಿಮುಕಿಸಿ, ಇಸ್ತ್ರಿ ಒತ್ತಿದಳು. ಆವಿ ಎದ್ದಿತು.